ಇರಾವತಿಯ ಡಾಬು

ಹಿಂದಿನ ಸಂಚಿಕೆಯಲ್ಲಿ ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಬಗ್ಗೆ ಒಂದು ಮಾತು ಬರೆದಿದ್ದೆ. ಈ ನಾಟಕದಲ್ಲಿ ಕೆಟ್ಟವರು ಯಾರೂ ಇಲ್ಲ, ಆದರೂ ರಾಜನೊಬ್ಬನ ಆಸೆ ಅರಮನೆಯ ಎಲ್ಲರನ್ನೂ ತುಳಿದುಕೊಂಡೇ ಮುಂದೆ ಹೋಗುತ್ತದೆ ಎಂದು. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣವನ್ನೆಲ್ಲ ತುಂಬಿವೆ. ನಮ್ಮಲ್ಲಿ ಕಾಳಿದಾಸ ಎಂದರೆ ಶಾಕುಂತಲ. ಬಸವಪ್ಪ ಶಾಸ್ತ್ರಿಗಳು ಅದನ್ನು ಕನ್ನಡಕ್ಕೆ ತಂದ ಕಾಲದಿಂದಲೂ ಹಾಗೆಯೇ. ಆದ್ದರಿಂದ ಈ ನಾಟಕ ಓದದವರಿಗಾಗಿ ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳಿಬಿಡುತ್ತೇನೆ.

ವಿದಿಶೆಯ ರಾಜ ಅಗ್ನಿಮಿತ್ರ. ಪಟ್ಟದ ರಾಣಿ ಧಾರಿಣಿ, ಕಿರಿಯ ರಾಣಿ ಇರಾವತಿ. ಧಾರಿಣಿಯ ಪರಿವಾರದಲ್ಲಿ ನಾಟ್ಯ ಕಲಿಯುತ್ತಿರುವ ಹುಡುಗಿ ಮಾಲವಿಕೆ. ಅವಳು ವಿದರ್ಭದ ರಾಜಕುಮಾರಿ ಎಂಬುದು ಐದನೇ ಅಂಕದವರೆಗೂ ರಾಜನಿಗೂ ರಾಣಿಯರಿಗೂ ತಿಳಿಯದು. ರಾಜ ಅವಳನ್ನು ಚಿತ್ರವೊಂದರಲ್ಲಿ ನೋಡಿ ಮನಸೋಲುತ್ತಾನೆ. ವಿದೂಷಕ ಗೌತಮ ಹೂಡುವ ಉಪಾಯಗಳೇ ನಾಟಕದ ಕಥೆ.

ಬಿ.ಎ. ವಿದ್ಯಾರ್ಥಿನಿ, ಧಾರವಾಡ: ಟೀಚರ್, ಈ ನಾಟಕ ನಮಗೆ ಪಠ್ಯವಾಗಿದೆ. ಗೈಡಿನಲ್ಲಿ ಇರಾವತಿಯನ್ನು ‘ಅಸೂಯೆಯ ಹೆಂಗಸು, ಮುಂಗೋಪಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಮೂರನೇ ಅಂಕ ಓದುವಾಗ ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ತಪ್ಪಾಗಿ ಓದಿದೆನೇ?

ಇಲ್ಲಮ್ಮ, ತಪ್ಪಾಗಿ ಓದಿಲ್ಲ. ನಕ್ಕವರದೂ ತಪ್ಪಲ್ಲ. ಆದರೆ ಆ ಗೈಡನ್ನು ಪಕ್ಕಕ್ಕಿಟ್ಟು ಮೂರನೇ ಅಂಕವನ್ನು ಇನ್ನೊಮ್ಮೆ ನಿಧಾನವಾಗಿ ಓದು.

ಅಂದು ತೋಟಕ್ಕೆ ರಾಜನನ್ನು ಕರೆದವಳು ಯಾರು? ಇರಾವತಿ. ವಸಂತ ಬಂದಿದೆ, ಹೊಸದಾಗಿ ಅರಳಿದ ಕೆಂಪು ಕುರವಕದ ಹೂ ಕಳಿಸಿ, ನಿಮ್ಮ ಜೊತೆ ಉಯ್ಯಾಲೆ ಆಡಬೇಕು ಎಂದು ಹೇಳಿಕಳಿಸಿದ್ದಾಳೆ. ಸ್ವಲ್ಪ ಮದ್ಯ ಕುಡಿದು, ಸಿಂಗರಿಸಿಕೊಂಡು, ದಾಸಿ ನಿಪುಣಿಕೆಯ ಜೊತೆ ಬರುತ್ತಾಳೆ. ಬಂದು ನೋಡಿದರೆ ಗಂಡನ ಕಣ್ಣೆಲ್ಲ ಬೇರೆ ಕಡೆ. ಅಶೋಕದ ಮರದ ಕೆಳಗೆ ಮಾಲವಿಕೆ ಕೂತಿದ್ದಾಳೆ, ಗೆಳತಿ ಬಕುಲಾವಲಿಕೆ ಅವಳ ಪಾದಕ್ಕೆ ಅರಗಿನ ಬಣ್ಣ ಹಚ್ಚುತ್ತಿದ್ದಾಳೆ. ಅವಳ ಕಾಲು ತಾಗಿದರೆ ಹೂ ಬಿಡದ ಅಶೋಕ ಹೂ ಬಿಡುತ್ತದೆ ಎಂಬ ನಂಬಿಕೆ. ರಾಜ ಮರೆಯಿಂದ ಹೊರಬಂದು ತನಗೂ ಆ ಭಾಗ್ಯ ಬೇಕೆಂದು ಬೇಡುತ್ತಾನೆ. ಅಷ್ಟರಲ್ಲಿ ಇರಾವತಿ ಎದುರು ಬಂದು ನಿಲ್ಲುತ್ತಾಳೆ. ಆಗ ರಾಜ ಕೊಡುವ ಸಬೂಬು ಇದು: ನೀನು ಬರುವುದು ತಡವಾಯಿತು, ಹೇಗೋ ಹೊತ್ತು ಕಳೆಯುತ್ತಿದ್ದೆ.

ಇರಾವತಿಯ ಕೋಪ ಶುರುವಾಗುವುದು ಇಲ್ಲಿಂದ. ಹೊರಟವಳ ಸೊಂಟದ ಮೇಖಲೆ ಜಾರುತ್ತದೆ. ಅದನ್ನೇ ಕೈಯಲ್ಲಿ ಹಿಡಿದು ರಾಜನಿಗೆ ಹೊಡೆಯಲು ಎತ್ತುತ್ತಾಳೆ. ಅವನು ಕಾಲಿಗೆ ಬೀಳುತ್ತಾನೆ. ಅವಳು ಹೇಳುವುದು: ಇವು ಮಾಲವಿಕೆಯ ಪಾದಗಳಲ್ಲ, ನಿನ್ನ ಬಯಕೆ ತೀರಿಸಲು.

ಮೂವತ್ತು ವರ್ಷದ ಹಿಂದೆ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಈ ಅಂಕವನ್ನು ನಾನೇ ಕನ್ನಡದ ಗದ್ಯಕ್ಕೆ ತಂದು ಮಕ್ಕಳಿಂದ ಆಡಿಸಿದ್ದೆ. ಮೇಖಲೆಗೆಂದು ಇರಾವತಿಯ ಪಾತ್ರದ ಹುಡುಗಿ ಮನೆಯಿಂದ ಅಜ್ಜಿಯ ಬೆಳ್ಳಿ ಡಾಬು ತಂದಿದ್ದಳು. ಅಭ್ಯಾಸದಲ್ಲೆಲ್ಲ ಹಳೆಯ ದುಪಟ್ಟಾವನ್ನೇ ಡಾಬು ಅಂದುಕೊಂಡು ಬೀಸಿದವಳಿಗೆ, ನಾಟಕದ ದಿನ ಅರ್ಧ ಸೇರು ತೂಕದ ಬೆಳ್ಳಿ ಕೈಗೆ ಬಂತು. ಎತ್ತಿದಳು. ಸಭೆ ಗೊಳ್ಳೆಂದು ನಕ್ಕಿತು. ಎತ್ತಿದ ಕೈ ಭಾರಕ್ಕೆ ನಡುಗತೊಡಗಿತು, ಬೆಳ್ಳಿಯ ಕೊಂಡಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ತಾನಾಗಿಯೇ ಇಳಿಯಿತು. ಆ ನಡುಕವನ್ನು ನಾನು ಹೇಳಿಕೊಟ್ಟಿರಲಿಲ್ಲ. ಹೊಡೆಯಲಾರಳು, ಕೈ ಇಳಿಸಲೂ ಆರಳು. ಇರಾವತಿ ಯಾರೆಂದು ಹತ್ತಾರು ಸಲ ಪಾಠ ಮಾಡಿದ್ದ ನನಗೆ ಗೊತ್ತಾದದ್ದು ಅವತ್ತೇ.

ಅವಳು ಹೋದ ಮೇಲೆ ರಾಜ ಆಡುವ ಮಾತನ್ನು ಅಡಿಗೆರೆ ಹಾಕಿ ಓದು. ನನ್ನ ಮನಸ್ಸು ಪ್ರಿಯೆಯ ಕಡೆಗಿರುವಾಗ, ನಾನು ಕಾಲಿಗೆ ಬಿದ್ದದ್ದನ್ನು ಇವಳು ತಿರಸ್ಕರಿಸಿದ್ದೇ ಒಂದು ಉಪಕಾರ. ಕೋಪಿಸಿಕೊಂಡಿದ್ದಾಳೆಂಬ ನೆಪದಲ್ಲಿ ಇನ್ನು ಇವಳನ್ನು ಕಡೆಗಣಿಸಬಹುದಲ್ಲ ಎನ್ನುತ್ತಾನೆ. ‘ಪ್ರಣಯವತೀ’ ಎಂಬ ಪದ ಆ ಶ್ಲೋಕದಲ್ಲೇ ಇದೆ. ನನ್ನನ್ನು ಪ್ರೀತಿಸುವವಳು ಎಂದು ಅವನಿಗೆ ಚೆನ್ನಾಗಿ ಗೊತ್ತು. ಆ ಪ್ರೀತಿಯಿಂದ ಹುಟ್ಟಿದ ಕೋಪವೂ ಅವನಿಗೆ ಅನುಕೂಲಕ್ಕೇ ಬಂತು. ಇಡೀ ನಾಟಕದಲ್ಲಿ ನನ್ನ ಎದೆ ಹಿಂಡುವ ಸಾಲು ಯಾವುದೆಂದರೆ ಇದನ್ನೇ ತೋರಿಸುತ್ತೇನೆ.

ನಾಲ್ಕನೇ ಅಂಕದಲ್ಲಿ ಇನ್ನೊಂದು ಮಾತಿದೆ. ಇರಾವತಿಗೆ ತಾನು ಮರ್ಯಾದೆ ಮೀರಿದೆ ಎನಿಸಿ, ಅರಮನೆಯ ಸಮುದ್ರಗೃಹದಲ್ಲಿರುವ ರಾಜನ ಚಿತ್ರದ ಮುಂದೆ ಕ್ಷಮೆ ಕೇಳಲು ಹೊರಡುತ್ತಾಳೆ. ಸಾಕ್ಷಾತ್ ಒಡೆಯರನ್ನೇ ಏಕೆ ಕೇಳಬಾರದು ಎಂದು ನಿಪುಣಿಕೆ ಕೇಳಿದರೆ, ಹುಚ್ಚಿ, ಮನಸ್ಸು ಬೇರೆಯವಳಲ್ಲಿಟ್ಟ ಗಂಡನೂ ಒಂದೇ, ಚಿತ್ರದ ಗಂಡನೂ ಒಂದೇ ಎನ್ನುತ್ತಾಳೆ. ಹೀಗೆ ಹೇಳಬಲ್ಲ ಹೆಣ್ಣು ಬರೀ ಮುಂಗೋಪಿಯೇ? ನೀನೇ ಹೇಳು. ಪರೀಕ್ಷೆಯಲ್ಲಿ ಈ ಎರಡು ಮಾತುಗಳನ್ನು ಧೈರ್ಯವಾಗಿ ಬರೆ. ಮೂಲದಲ್ಲಿ ಇದ್ದದ್ದಕ್ಕೆ ಯಾರೂ ಅಂಕ ಕಡಿಯುವುದಿಲ್ಲ.

ಭರತನಾಟ್ಯ ಶಿಕ್ಷಕಿ, ಮೈಸೂರು: ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ನನ್ನ ಶಿಷ್ಯೆಯನ್ನೂ ಇನ್ನೊಬ್ಬ ಗುರುಗಳ ಶಿಷ್ಯೆಯನ್ನೂ ಒಂದೇ ವೇದಿಕೆಗೆ ಕರೆದರು. ಯಾರ ಪಾಠ ಮೇಲು ಎಂದು ನಮ್ಮಿಬ್ಬರ ನಡುವೆ ಮಾತು ಹಚ್ಚಿಕೊಟ್ಟವರೂ ಅವರೇ. ಆಮೇಲೆ ತಿಳಿಯಿತು, ಅವರಿಗೆ ಬೇಕಾಗಿದ್ದದ್ದು ಬೇರೆಯೇ ಏನೋ, ನಮ್ಮ ವಿದ್ಯೆಯಲ್ಲ. ಆ ಗುರುಗಳ ಜೊತೆ ಇವತ್ತಿಗೂ ನನಗೆ ಮಾತಿಲ್ಲ. ನಿಮ್ಮ ಅಂಕಣ ಓದಿದಾಗ ಗಣದಾಸನ ನೆನಪಾಯಿತು. ಅವನಿಗೂ ಹೀಗೇ ಆಯಿತಲ್ಲವೇ?

ಹೌದು. ನಿಮಗಾದ ನೋವನ್ನು ಓದಿ ಬೇಜಾರಾಯಿತು. ಗಣದಾಸನಿಗಿಂತ ಹರದತ್ತನಿಗೆ ಆದದ್ದು ಇನ್ನೂ ಹೆಚ್ಚು ಎಂದು ನನಗನಿಸುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಗಣದಾಸ. ಧಾರಿಣಿಯ ಕಡೆಯ ನಾಟ್ಯಾಚಾರ್ಯ. ಶಿಷ್ಯೆಯ ಕಲಿಕೆ ಹೇಗೆ ಸಾಗಿದೆ ಎಂದು ಕೇಳಿದಾಗ ಅವನು ಕೊಡುವ ಉತ್ತರವನ್ನು ನೀವು ನಿಮ್ಮ ಶಾಲೆಯ ಗೋಡೆಗೆ ಬರೆಸಬೇಕು: ನಾನು ಏನೇನು ಅಭಿನಯ ಕಲಿಸುತ್ತೇನೋ, ಅದನ್ನೆಲ್ಲ ಇನ್ನಷ್ಟು ಚೆಂದಗಾಣಿಸಿ ಈ ಹುಡುಗಿ ನನಗೇ ತಿರುಗಿ ಕಲಿಸುವಂತಿದೆ. ಇಂಥ ಗುರು ಅವನು. ರಾಜನಿಗೆ ಮಾಲವಿಕೆಯನ್ನು ಕಣ್ಣಾರೆ ನೋಡಬೇಕು, ಧಾರಿಣಿ ಅವಳನ್ನು ಅವನ ಕಣ್ಣಿಗೆ ಬೀಳದಂತೆ ಕಾಯುತ್ತಿದ್ದಾಳೆ. ಗೌತಮ ಕಂಡುಕೊಂಡ ದಾರಿ ಎಂದರೆ ಗಣದಾಸನಿಗೂ ರಾಜನ ಕಡೆಯ ಆಚಾರ್ಯ ಹರದತ್ತನಿಗೂ ಜಗಳ ಹಚ್ಚುವುದು. ಇಬ್ಬರೂ ನಾನು ಮೇಲು ತಾನು ಮೇಲು ಎನ್ನುತ್ತಾ ರಾಜನ ಮುಂದೆ ಬರುತ್ತಾರೆ. ಶಿಷ್ಯೆಯರ ಪ್ರದರ್ಶನ ಆಗಲಿ ಎಂಬ ತೀರ್ಮಾನವಾಗುತ್ತದೆ.

ಧಾರಿಣಿ ತಡೆಯಲು ನೋಡುತ್ತಾಳೆ. ಗೌತಮ ಕೂಡಲೇ ಚುಚ್ಚುತ್ತಾನೆ: ಸರಸ್ವತಿಗೆ ಇಟ್ಟ ಮೋದಕ ತಿಂದುಕೊಂಡು ಸುಖವಾಗಿರುವವನೇ, ಸೋಲುವ ವಾದ ನಿನಗೇಕೆ? ಗಣದಾಸ ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. ಹೊಟ್ಟೆಪಾಡಿಗಷ್ಟೇ ವಿದ್ಯೆ ಇಟ್ಟುಕೊಂಡವನನ್ನು ಜ್ಞಾನ ಮಾರುವ ವ್ಯಾಪಾರಿ ಎನ್ನುತ್ತಾರೆ ಎಂದು ಎದೆಯುಬ್ಬಿಸಿ ನಿಂತ. ‘ಜ್ಞಾನಪಣ್ಯಂ ವಣಿಜಂ ವದಂತಿ’. ಎಷ್ಟು ದೊಡ್ಡ ಮಾತು! ವಿದ್ಯೆಯ ಬಗ್ಗೆ ಅಷ್ಟು ಮರ್ಯಾದೆ ಇಟ್ಟುಕೊಂಡದ್ದರಿಂದಲೇ ಅವನು ಬಲೆಗೆ ಬಿದ್ದ. ವಿದ್ಯೆಯನ್ನು ಮಾರಿಕೊಳ್ಳುವವನಾಗಿದ್ದರೆ ಗೌತಮನ ಮಾತು ಅವನಿಗೆ ತಾಗುತ್ತಲೇ ಇರಲಿಲ್ಲ.

ಇನ್ನು ಹರದತ್ತ. ಎರಡನೇ ಅಂಕದಲ್ಲಿ ಮೊದಲು ಗಣದಾಸನ ಸರದಿ. ಮಾಲವಿಕೆ ಹಾಡಿ ಅಭಿನಯಿಸುತ್ತಾಳೆ, ರಾಜ ಕಣ್ತುಂಬ ನೋಡುತ್ತಾನೆ. ಅದು ಮುಗಿದ ಮೇಲೆ ಹರದತ್ತ ಮುಂದೆ ಬಂದು, ಮಹಾರಾಜ, ಈಗ ನನ್ನ ಪ್ರಯೋಗ ನೋಡಬೇಕು ಎನ್ನುತ್ತಾನೆ. ರಾಜ ತನ್ನಷ್ಟಕ್ಕೆ, ನೋಡುವ ಕೆಲಸ ಮುಗಿಯಿತು ಎಂದುಕೊಳ್ಳುತ್ತಾನೆ. ಅಷ್ಟರಲ್ಲಿ ಮಧ್ಯಾಹ್ನವಾಯಿತೆಂದು ವಂದಿಗಳು ಸಾರುತ್ತಾರೆ, ಊಟದ ಹೊತ್ತಾಯಿತೆಂದು ಗೌತಮ ಅವಸರ ಮಾಡುತ್ತಾನೆ. ನಾಳೆ ನೋಡೋಣ ಎಂದು ಹರದತ್ತನನ್ನು ಕಳಿಸಿಬಿಡುತ್ತಾರೆ.

ಆ ನಾಳೆ ನಾಟಕದಲ್ಲಿ ಬರುವುದೇ ಇಲ್ಲ. ಹರದತ್ತನ ಶಿಷ್ಯೆ ಯಾರು, ಏನು ಕಲಿತಿದ್ದಳು, ಒಂದೂ ನಮಗೆ ಗೊತ್ತಾಗುವುದಿಲ್ಲ. ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಕಾದು ಕೂತು, ಗೆಜ್ಜೆ ಬಿಚ್ಚಿಟ್ಟು ಮನೆಗೆ ಹೋದ ಮಕ್ಕಳನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ.

ನನ್ನದೊಂದು ಕೋರಿಕೆ. ನಿಮ್ಮಿಬ್ಬರನ್ನೂ ಜಗಳಕ್ಕೆ ಹಚ್ಚಿದವರು ಬೇರೆ ಎಂದ ಮೇಲೆ, ಆ ಗುರುಗಳಿಗೆ ಒಂದು ಫೋನ್ ಮಾಡಿ. ಅವರೂ ನಿಮ್ಮ ಹಾಗೆಯೇ ಬಲೆಗೆ ಬಿದ್ದವರು.

ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ: ಇದು ನಗಿಸಲು ಬರೆದ ನಾಟಕ. ಸಾವಿಲ್ಲ, ಶಾಪವಿಲ್ಲ, ಕೊನೆಗೆ ಮದುವೆ. ಆ ಕಾಲದ ರಾಜರಿಗೆ ಹಲವು ರಾಣಿಯರು ಸಹಜ. ಹಳೆಯದನ್ನು ಹಳೆಯ ಕಣ್ಣಿನಿಂದಲೇ ನೋಡಬೇಕಲ್ಲವೇ?

ನಗಿಸಲು ಬರೆದದ್ದೇ, ಒಪ್ಪಿದೆ. ಗೌತಮ ಸಮುದ್ರಗೃಹದ ಬಾಗಿಲಲ್ಲಿ ಕಾವಲು ಕೂತು ತೂಕಡಿಸುತ್ತಾ, ನಿದ್ದೆಗಣ್ಣಿನಲ್ಲೇ ಮಾಲವಿಕೆ, ನೀನು ಇರಾವತಿಯನ್ನು ಮೀರಿಸು ಎಂದು ಬಡಬಡಿಸುತ್ತಾನೆ. ಎದುರಿಗೇ ಇರಾವತಿ ನಿಂತಿದ್ದಾಳೆ! ನಿಪುಣಿಕೆ ಅವನದೇ ಸೊಟ್ಟ ಕೋಲನ್ನು ಅವನ ಮೇಲೆ ಬೀಳಿಸುತ್ತಾಳೆ, ಹಾವು ಹಾವು ಎಂದು ಅವನು ಕಿರುಚುತ್ತಾನೆ. ಇದನ್ನು ಓದುವಾಗ ಈಗಲೂ ನನಗೆ ಕಣ್ಣೀರು ಬರುವಷ್ಟು ನಗು ಬರುತ್ತದೆ.

ಆದರೆ ಹಳೆಯ ಕಣ್ಣು ಎಂದಿರಲ್ಲ, ಆ ಹಳೆಯ ಕಣ್ಣು ಕಾಳಿದಾಸನದೇ. ಇರಾವತಿಯ ಮಾತು ನಾನು ಸೇರಿಸಿದ್ದಲ್ಲ. ಹರದತ್ತನನ್ನು ಬರಿಗೈಲಿ ಕಳಿಸಿದ್ದೂ ಅವನೇ. ಮೊದಲ ಅಂಕದಲ್ಲಿ ರಾಜನ ಹೂಟವನ್ನು ಅರಿತ ಧಾರಿಣಿ, ರಾಜ್ಯದ ಕೆಲಸದಲ್ಲೂ ಆರ್ಯಪುತ್ರರಿಗೆ ಇಷ್ಟೇ ಉಪಾಯ ಹೊಳೆದರೆ ಎಷ್ಟು ಚೆನ್ನ ಎನ್ನುತ್ತಾಳೆ. ಇದನ್ನೂ ಅವನೇ ಬರೆದ. ಅಗ್ನಿಮಿತ್ರನ ಮನೆತನದವರಾದ ಶುಂಗರು ಮಗಧದಲ್ಲಿ ಪಟ್ಟಕ್ಕೆ ಬಂದದ್ದು ಕ್ರಿ.ಪೂ. 185ರ ಸುಮಾರಿಗೆ. ಅಗ್ನಿಮಿತ್ರ ಸಿಂಹಾಸನ ಹಿಡಿದ ಪುಷ್ಯಮಿತ್ರನ ಮಗ. ಕಾಳಿದಾಸ ಬರೆಯುವ ಹೊತ್ತಿಗೆ ಇದು ಅವನಿಗೇ ನೂರಾರು ವರ್ಷ ಹಳೆಯ ಕಥೆ. ಈ ಅಗ್ನಿಮಿತ್ರನಿಗೆ ಯುದ್ಧ ಮಾಡುವಷ್ಟು ದೊಡ್ಡ ಮಗನಿದ್ದಾನೆ. ವಸುಮಿತ್ರ ಅಜ್ಜನ ಯಜ್ಞದ ಕುದುರೆಯ ಹಿಂದೆ ಹೋಗಿ ಸಿಂಧೂ ತೀರದಲ್ಲಿ ಯವನರ ಜೊತೆ ಹೋರಾಡುತ್ತಿದ್ದಾನೆ. ಅಪ್ಪ ತೋಟದ ಬಳ್ಳಿಯ ಮರೆಯಲ್ಲಿ ನಿಂತಿದ್ದಾನೆ. ಈ ಎರಡನ್ನೂ ಒಂದೇ ನಾಟಕದಲ್ಲಿ ಇಟ್ಟವನು ಸುಮ್ಮನೆ ಇಟ್ಟಿರಲಾರ. ‘ಪುರಾಣಮಿತ್ಯೇವ ನ ಸಾಧು ಸರ್ವಂ’, ಹಳೆಯದೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಈ ಮಾತು ಬರುವುದೂ ಇದೇ ನಾಟಕದ ಪ್ರಸ್ತಾವನೆಯಲ್ಲಿ.

ಹಲವು ರಾಣಿಯರು ಸಹಜ ಎಂದಿರಿ. ನೋವೂ ಅಷ್ಟೇ ಸಹಜ, ಸರ್.

ಗೃಹಿಣಿ, ಹಾಸನ: ಎಲ್ಲರೂ ರಾಜನ ಆಸೆಯ ಮಾತನ್ನೇ ಆಡುತ್ತಾರೆ. ಮಾಲವಿಕೆಗೆ ತನ್ನದೆಂಬ ಆಸೆ ಇತ್ತೇ?

ಇತ್ತು. ಅದನ್ನು ಹೇಳಲು ಅವಳಿಗೆ ಸಿಕ್ಕಿದ್ದು ಒಂದು ಹಾಡು ಮಾತ್ರ. ಸ್ಪರ್ಧೆಗೆಂದು ಎಲ್ಲರ ಮುಂದೆ ಹಾಡುವ ಪ್ರಾಕೃತದ ನಾಲ್ಕು ಸಾಲು: ‘ದುಲ್ಲಹೋ ಪಿಓ’, ಪ್ರಿಯ ಸಿಗುವವನಲ್ಲ, ಹೃದಯವೇ, ಆಸೆ ಬಿಡು. ಆದರೂ ಎಡಗಣ್ಣ ಕೊನೆ ಅದುರುತ್ತಿದೆ. ಕೊನೆಯ ಸಾಲಿನಲ್ಲಿ, ಒಡೆಯಾ, ಪರಾಧೀನಳಾದರೂ ನಿನ್ನನ್ನೇ ಬಯಸುವವಳು ನಾನು ಎಂದು ತಿಳಿ ಎನ್ನುತ್ತಾಳೆ. ‘ಪರಾಹೀಣಂ’ ಎಂಬ ಆ ಪದವನ್ನು ಗಮನಿಸಿ. ಪ್ರೀತಿಯನ್ನು ಹೇಳುವ ಸಾಲಿನಲ್ಲೇ ತಾನು ಇನ್ನೊಬ್ಬರ ಕೈಕೆಳಗಿನವಳು ಎಂದೂ ಹೇಳಿಬಿಟ್ಟಳು. ರಾಜನ ಆಸೆಗೆ ವಿದೂಷಕ, ದಾಸಿ, ಆಚಾರ್ಯ, ತೋಟ ಎಲ್ಲ ಇವೆ. ಇವಳ ಆಸೆಗೆ ಇರುವುದು ಬಕುಲಾವಲಿಕೆ ಒಬ್ಬಳೇ. ಸಿಕ್ಕಿಬಿದ್ದಾಗ ಕಾಲಿಗೆ ಬೇಡಿ ಹಾಕಿಸಿಕೊಂಡು ನೆಲಮಾಳಿಗೆಗೆ ಹೋದವರೂ ಈ ಇಬ್ಬರು ಹುಡುಗಿಯರೇ. ರಾಜನಿಗೂ ಗೌತಮನಿಗೂ ಏನೂ ಆಗಲಿಲ್ಲ. ಬಕುಲಾವಲಿಕೆಗೆ ಈ ಪ್ರೀತಿಯಿಂದ ಬರುವ ಲಾಭವೇನಿತ್ತು?

ಹವ್ಯಾಸಿ ರಂಗತಂಡದ ನಿರ್ದೇಶಕ, ಸಾಗರ: ಮೇಡಂ, ಈ ನಾಟಕವನ್ನು ಕೈಗೆತ್ತಿಕೊಂಡಿದ್ದೇವೆ. ಧಾರಿಣಿಯೇ ಮಾಲವಿಕೆಯ ಕೈಯನ್ನು ರಾಜನಿಗೆ ಒಪ್ಪಿಸುವ ದೃಶ್ಯದಲ್ಲಿ ನಮ್ಮ ನಟಿಗೆ ಗೊಂದಲ. ಸಂತೋಷದಿಂದ ಕೊಡಬೇಕೋ, ದುಃಖದಿಂದಲೋ? ನಾಟಕ ಮುಗಿಸುವ ಭರತವಾಕ್ಯದ ಹೊತ್ತಿಗೆ ಅವಳು ಎಲ್ಲಿ ನೋಡಬೇಕು?

ನಿಮ್ಮ ನಟಿಗೆ ಒಂದು ಉಂಗುರ ಕೊಡಿ. ಉತ್ತರ ಅಲ್ಲಿಂದ ಶುರುವಾಗಲಿ.

ಧಾರಿಣಿಯ ನಾಗಮುದ್ರೆಯ ಉಂಗುರ ಮೊದಲ ಅಂಕದ ಆರಂಭದಲ್ಲೇ, ಆಗಷ್ಟೇ ಅಕ್ಕಸಾಲಿಗರ ಕೈಯಿಂದ ಬಂದದ್ದು, ದಾಸಿಯರ ಕೈಯಲ್ಲಿ ಹೊಳೆಯುತ್ತದೆ. ಈ ಮುದ್ರೆ ತೋರಿಸದೆ ಮಾಲವಿಕೆಯನ್ನು ಬಿಡಬಾರದು ಎಂದು ಮುಂದೆ ಅವಳೇ ಕಟ್ಟಪ್ಪಣೆ ಮಾಡುತ್ತಾಳೆ. ಗೌತಮ ಕೇದಗೆಯ ಮುಳ್ಳಿನಿಂದ ಬೆರಳಿಗೆ ಗುರುತು ಮಾಡಿಕೊಂಡು, ರಾಣಿಗೆಂದು ಹೂ ಕೀಳುವಾಗ ಹಾವು ಕಚ್ಚಿತು ಎಂದು ಓಡಿಬರುತ್ತಾನೆ. ತನ್ನಿಂದಾಗಿ ಒಬ್ಬ ಬ್ರಾಹ್ಮಣನ ಜೀವಕ್ಕೆ ಅಪಾಯ ಬಂತು ಎಂದು ಅವಳು ನಡುಗಿಹೋಗುತ್ತಾಳೆ. ವಿಷ ಇಳಿಸಲು ಹಾವಿನ ಚಿತ್ರವಿರುವ ವಸ್ತು ಬೇಕು ಎಂದ ಕೂಡಲೇ ಬೆರಳಿನಿಂದ ಉಂಗುರ ತೆಗೆದುಕೊಡುತ್ತಾಳೆ. ಹಿಂದೆ ಮುಂದೆ ಯೋಚಿಸುವುದಿಲ್ಲ. ಅವಳಿಗೆ ಕರುಣೆ ಇಲ್ಲದಿದ್ದರೆ ಮಾಲವಿಕೆಯ ಸೆರೆಯ ಬಾಗಿಲು ತೆರೆಯುತ್ತಿರಲಿಲ್ಲ.

ಇದಕ್ಕೂ ಮೊದಲು ಚಿತ್ರಶಾಲೆಯಲ್ಲಿ, ಈ ಹುಡುಗಿ ಯಾರು ಎಂದು ರಾಜ ಕೇಳಿದಾಗ ಅವಳು ಬಾಯಿ ಬಿಡದಿದ್ದರೂ ಪುಟ್ಟ ರಾಜಕುಮಾರಿ ವಸುಲಕ್ಷ್ಮಿ ಇವಳು ಮಾಲವಿಕೆ ಎಂದು ಹೇಳಿಬಿಟ್ಟಳು. ಆಮೇಲೆ ಉಯ್ಯಾಲೆಯಿಂದ ಬಿದ್ದು ಕಾಲು ನೋವಾದದ್ದಕ್ಕೆ ಅಶೋಕದ ಕೆಲಸಕ್ಕೆ ಮಾಲವಿಕೆಯನ್ನು ಕಳಿಸಿದವಳೂ ಧಾರಿಣಿಯೇ. ಬೀಳಲು ಕಾರಣ ಗೌತಮನ ಚೇಷ್ಟೆ. ಐದು ರಾತ್ರಿಯೊಳಗೆ ಹೂ ಬಿಟ್ಟರೆ ನಿನ್ನ ಆಸೆ ನಡೆಸಿಕೊಡುತ್ತೇನೆ ಎಂದು ಮಾತು ಕೊಟ್ಟಳು. ಹೂ ಬಿಟ್ಟಿತು. ಅದೇ ಹೊತ್ತಿಗೆ ಮಗ ಗೆದ್ದ ಸುದ್ದಿ ಬಂತು, ಮಾಲವಿಕೆ ರಾಜಕುಮಾರಿ ಎಂದೂ ತಿಳಿಯಿತು. ಚಂದನವನ್ನು ಪಾದುಕೆ ಮಾಡಿ ಹಾಳುಮಾಡಿದೆನಲ್ಲ ಎಂದು ಮರುಗಿದವಳೂ ಇವಳೇ. ಹೀಗೆ ಕೊಟ್ಟ ಮಾತು, ತಾಯಿಯ ಸಂತೋಷ, ಪಶ್ಚಾತ್ತಾಪ ಮೂರೂ ಒಟ್ಟಿಗೆ ಬಂದು ಅವಳನ್ನು ಆ ಜಾಗದಲ್ಲಿ ತಂದು ನಿಲ್ಲಿಸಿವೆ. ಆದ್ದರಿಂದ ನಿಮ್ಮ ನಟಿ ಸಂತೋಷದಿಂದಲೇ ಕೊಡಲಿ. ಮಗ ಗೆದ್ದಿದ್ದಾನೆ, ಆ ಸಂತೋಷ ನಿಜ. ಅಳಿಸಬೇಡಿ. ಕೈ ಒಪ್ಪಿಸಿದ ಮೇಲೆ ಬರಿದಾದ ತನ್ನ ಕೈಯನ್ನು ಏನು ಮಾಡಬೇಕೆಂದು ತೋಚದೆ, ಬೆರಳಿನ ಉಂಗುರವನ್ನು ಒಮ್ಮೆ ತಿರುಗಿಸಿಕೊಳ್ಳಲಿ, ಸಾಕು.

ಅರಮನೆಯಲ್ಲಿರುವ ಸನ್ಯಾಸಿನಿ, ಪರಿವ್ರಾಜಿಕೆ ಕೌಶಿಕಿ ಅಲ್ಲಿ ಒಂದು ಶ್ಲೋಕ ಹೇಳುತ್ತಾಳೆ: ಗಂಡನನ್ನು ಪ್ರೀತಿಸುವ ಸಾಧ್ವಿಯರು ಸವತಿಯನ್ನು ತಂದುಕೊಟ್ಟಾದರೂ ಅವನ ಸೇವೆ ಮಾಡುತ್ತಾರೆ, ಸಮುದ್ರ ಸೇರುವ ನದಿ ಇತರ ನೂರು ಹೊಳೆಗಳನ್ನೂ ಅಲ್ಲಿಗೆ ಒಯ್ಯುವ ಹಾಗೆ. ಕೌಶಿಕಿಗೆ ಮಾಲವಿಕೆ ಯಾರೆಂದು ಮೊದಲಿನಿಂದ ಗೊತ್ತಿತ್ತು, ಒಂದು ವರ್ಷ ದಾಸಿಯಾಗಿರಬೇಕೆಂಬ ಸಿದ್ಧನ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದಳು. ಆ ಶ್ಲೋಕವನ್ನು ಅವಳು ಧಾರಿಣಿಯ ಮುಖ ನೋಡದೆ ಹೇಳಿದರೆ ಸರಿಹೋಗುತ್ತದೆ.

ಭರತವಾಕ್ಯದಲ್ಲಿ ರಾಜ, ಚಂಡೀ, ನೀನು ಸದಾ ನನಗೆ ಪ್ರಸನ್ನಮುಖಿಯಾಗಿರು ಎಂದು ಧಾರಿಣಿಯನ್ನು ಕೇಳುತ್ತಾನೆ. ಅದಕ್ಕೆ ಅವಳ ಉತ್ತರ ನಾಟಕದಲ್ಲಿ ಇಲ್ಲ. ನೀವೂ ಸೇರಿಸಬೇಡಿ. ಆ ಹೊತ್ತಿಗೆ ಅವಳ ನೋಟ ಬಾಗಿಲ ಕಡೆ ಇರಲಿ. ಏಕೆಂದರೆ ಅದಕ್ಕೆ ಸ್ವಲ್ಪ ಮೊದಲು ಆ ಬಾಗಿಲಿನಿಂದ ನಿಪುಣಿಕೆ ಬಂದಿದ್ದಳು. ಐದನೇ ಅಂಕದಲ್ಲಿ ಇರಾವತಿ ಬರುವುದಿಲ್ಲ, ಹೇಳಿಕಳಿಸುತ್ತಾಳೆ. ನಾನು ಮರ್ಯಾದೆ ಮೀರಿ ನಡೆದದ್ದೂ ಒಡೆಯರಿಗೆ ಅನುಕೂಲವೇ ಆಯಿತು, ಈಗ ಅವರ ಮನೋರಥ ತುಂಬಿದೆ, ನನ್ನ ಮೇಲೆ ಪ್ರಸನ್ನರಾದರೆ ಅಷ್ಟೇ ಸಾಕು ಎಂದು. ರಾಜ ಮೂರನೇ ಅಂಕದಲ್ಲಿ ತನ್ನಷ್ಟಕ್ಕೆ ಆಡಿಕೊಂಡದ್ದು ಅವಳಿಗೆ ಕೇಳಿರಲಿಲ್ಲ, ಆದರೂ ಅರ್ಥವಾಗಿದೆ ನೋಡಿ. ಈ ಸಂದೇಶಕ್ಕೆ ಉತ್ತರ ಕೊಡುವವಳು ಧಾರಿಣಿ: ಅವಳ ಸೇವೆಯನ್ನು ಆರ್ಯಪುತ್ರರು ಖಂಡಿತ ನೆನೆಯುತ್ತಾರೆ.

ನಿಪುಣಿಕೆ ಈ ಮಾತು ಕೇಳಿ ಹಿಂತಿರುಗಬೇಕು. ಅವಳ ಪಾತ್ರಕ್ಕೆ ಒಳ್ಳೆಯ ಹುಡುಗಿಯನ್ನು ಹಾಕಿ, ಸಣ್ಣ ಪಾತ್ರವೆಂದು ಬಿಡಬೇಡಿ. ಹೋಗುವಾಗ ಅವಸರ ಮಾಡಿಸಬೇಡಿ, ರಂಗದ ಪೂರ್ತಿ ಉದ್ದ ನಡೆದುಕೊಂಡೇ ಹೋಗಲಿ. ಪ್ರದರ್ಶನದ ತಾರೀಖು ಗೊತ್ತಾದ ಕೂಡಲೇ ಒಂದು ಕಾರ್ಡು ಹಾಕಿ, ಬಸ್ಸು ಹಿಡಿದು ಬರುತ್ತೇನೆ. ಮೇಖಲೆಗೆ ಬೆಳ್ಳಿ ಡಾಬು ಬೇಕಾದರೆ ಅದನ್ನೂ ತರುತ್ತೇನೆ, ನನ್ನ ಹತ್ತಿರ ನಮ್ಮಮ್ಮನದು ಒಂದಿದೆ.